ಸ್ಟ್ರೀಮರ್ ಬೇಕಾ, ಇರುವ ಕಂಪ್ಯೂಟರೇ ಸಾಕಾ?

ನಾನು ಹಾಡು ಕೇಳುವುದು ಹಳೆಯ ಡೆಸ್ಕ್‌ಟಾಪಿನಲ್ಲಿ. ಅದರಿಂದ ಯುಎಸ್‌ಬಿ ಮೂಲಕ ಒಂದು ಡ್ಯಾಕ್ (ಡಿಜಿಟಲ್ ಡೇಟಾವನ್ನು ಆಂಪ್ಲಿಫೈಯರಿಗೆ ಬೇಕಾದ ಸಂಕೇತವಾಗಿ ಬದಲಿಸುವ ಡಬ್ಬ), ಅಲ್ಲಿಂದ ಆಂಪ್ಲಿಫೈಯರ್, ಎರಡು ಸ್ಪೀಕರ್. ಇದ್ದಬದ್ದ ಸಿಡಿಗಳನ್ನೆಲ್ಲ ಗುಣಮಟ್ಟ ಕೆಡಿಸದ ಫ್ಲಾಕ್ ಫೈಲ್ ಮಾಡಿಟ್ಟಿದ್ದೇನೆ. ತೊಂದರೆ ಒಂದೇ: ಮೌಸ್ ಅಲ್ಲಾಡಿಸಿದರೆ ಸ್ಪೀಕರಿನಲ್ಲಿ ಕಿರ್ ಕಿರ್ ಸದ್ದು. ಸಿನಿಮಾ ಹಾಡಿನ ಗದ್ದಲದಲ್ಲಿ ಅದು ಗೊತ್ತೇ ಆಗುವುದಿಲ್ಲ. ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿದರೆ ಮಾತ್ರ ತಡೆಯಲು ಆಗುತ್ತಿರಲಿಲ್ಲ. ಮೀಟಿದ ನಾದ ಸಣ್ಣಗಾಗುತ್ತಾ ಹೋಗುವ ಜಾಗದಲ್ಲೇ ಈ ಕಿರಿಕಿರಿ.

‘ಕಂಪ್ಯೂಟರ್ ಸಹವಾಸ ಬಿಡು ಮಾರಾಯ, ಸ್ಟ್ರೀಮರ್ ತಗೋ’ ಅಂದ ಗೆಳೆಯ. ಸ್ಟ್ರೀಮರ್ ಅಂದರೆ ಮನೆಯ ನೆಟ್ವರ್ಕಿನಿಂದ ಹಾಡು ಎಳೆದುಕೊಂಡು ನುಡಿಸುವ ಪುಟ್ಟ ಡಬ್ಬ. ಸುಮಾರು 8,000 ರೂಪಾಯಿ ಕೊಟ್ಟು ಅಂಗೈಯಷ್ಟು ದೊಡ್ಡ ಸ್ಟ್ರೀಮರ್ ತಂದೆ. ಇನ್ನೊಬ್ಬ ಗೆಳೆಯ ತನ್ನ ಕಿರು ಕಂಪ್ಯೂಟರ್ ಆದ ರಾಸ್ಪ್‌ಬೆರಿ ಪೈ 4ಕ್ಕೆ ಮೂಡ್ ಆಡಿಯೋ ಎಂಬ ಹಾಡು ನುಡಿಸುವ ತಂತ್ರಾಂಶ ಹಾಕಿ ಕೊಟ್ಟ. ಮೂರನ್ನೂ ಅದೇ ಡ್ಯಾಕಿಗೆ ಜೋಡಿಸಿ ಒಂದೂವರೆ ತಿಂಗಳು ಕೇಳಿದೆ.

ಮೊದಲ ದಿನ ಸ್ಟ್ರೀಮರ್ ಗೆದ್ದೇಬಿಟ್ಟಿತು. ದನಿ ತುಂಬಿಕೊಂಡಿದೆ, ತಂಬೂರಿ ಬಿಡಿಸಿಟ್ಟಂತೆ ಕೇಳುತ್ತಿದೆ ಅಂತೆಲ್ಲ ಹೆಂಡತಿಗೆ ಭಾಷಣ ಮಾಡಿದೆ. ಮಾರನೇ ದಿನ ನೋಡುತ್ತೇನೆ, ಕಂಪ್ಯೂಟರಿನಲ್ಲಿ ವಿಂಡೋಸಿನ ವಾಲ್ಯೂಮ್ 100ರ ಬದಲು 80ರಲ್ಲಿ ಕೂತಿದೆ! ಸ್ವಲ್ಪ ಜೋರಾಗಿರುವುದು ನಮ್ಮ ಕಿವಿಗೆ ಚೆನ್ನಾಗಿಯೇ ಕೇಳುತ್ತದೆ, ಅಷ್ಟೇ. ಇನ್ನೊಂದು ಎಡವಟ್ಟೂ ಇತ್ತು. ಸಿಡಿಯ ಫೈಲು 44.1 ಕಿಲೋಹರ್ಟ್ಸ್ (ಅಂದರೆ ಸೆಕೆಂಡಿಗೆ 44,100 ಸಲ ದನಿಯ ಅಳತೆ), ವಿಂಡೋಸ್ ಅದನ್ನು 48ಕ್ಕೆ ಬದಲಿಸಿ ಕಳಿಸುತ್ತಿತ್ತು. ಫೂಬಾರ್2000 ಎಂಬ ಪ್ಲೇಯರಿನಲ್ಲಿ, ವಿಂಡೋಸ್ ಕೈಯಾಡಿಸದಂತೆ ಹಾಡನ್ನು ನೇರ ಡ್ಯಾಕಿಗೆ ಕಳಿಸುವ ವಾಸಾಪಿ ಎಕ್ಸ್‌ಕ್ಲೂಸಿವ್ ಆರಿಸಿದ ಮೇಲೆ ಡ್ಯಾಕಿನ ಪರದೆಯಲ್ಲಿ 44.1 ಬಂತು. ಈ ಎರಡೂ ರಿಪೇರಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಆಮೇಲೆ ಮಗಳನ್ನು ಡ್ಯಾಕಿನ ಪಕ್ಕ ಕೂರಿಸಿ, ನಾನು ಬೆನ್ನು ತಿರುಗಿಸಿ ಕೂತೆ. ಯುಎಸ್‌ಬಿಯಲ್ಲಿ ಕಂಪ್ಯೂಟರ್, ಡೇಟಾವನ್ನು ಬೆಳಕಾಗಿ ಸಾಗಿಸುವ ಆಪ್ಟಿಕಲ್ ಕೇಬಲಿನಲ್ಲಿ ಸ್ಟ್ರೀಮರ್, ಎರಡರಲ್ಲೂ ಒಂದೇ ಹಾಡು. ಮೌಸ್ ಮುಟ್ಟುವಂತಿಲ್ಲ. ಅವಳು ಮನಸ್ಸಿಗೆ ಬಂದಂತೆ ಬದಲಿಸುವುದು, ಯಾವುದೆಂದು ನಾನು ಹೇಳುವುದು. 20ರಲ್ಲಿ 11 ಸರಿಯಾಯಿತು. ನಾಣ್ಯ ಚಿಮ್ಮಿ ಹೇಳಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು ಅಲ್ವಾ!

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನನ್ನ ಡ್ಯಾಕ್ ಅಸಿಂಕ್ರೊನಸ್ ಯುಎಸ್‌ಬಿಯದ್ದು. ಅಂದರೆ ತಾಳ ಹಾಕುವುದು ಡ್ಯಾಕಿನೊಳಗಿನ ಗಡಿಯಾರ. ಡೇಟಾ ಕಳಿಸುವ ಕಂಪ್ಯೂಟರ್ ಅದರ ಲೆಕ್ಕಕ್ಕೆ ಹೊಂದಿಕೊಳ್ಳಬೇಕು. ಆಪ್ಟಿಕಲ್‌ನಲ್ಲಿ ಉಲ್ಟಾ. ಅಲ್ಲಿ ಸ್ಟ್ರೀಮರ್ ಹಾಕಿದ ತಾಳವನ್ನು ಡ್ಯಾಕ್ ಹಿಡಿಯಬೇಕು. ಕಾಗದದ ಮೇಲೆ ನೋಡಿದರೆ ಕಂಪ್ಯೂಟರಿನದೇ ಮೇಲುಗೈ.

ಹಾಗಾದರೆ ಕಿರ್ ಕಿರ್? ಸ್ಟ್ರೀಮರಿನಲ್ಲಿ ಪೂರ್ತಿ ಮಾಯ. ಆಪ್ಟಿಕಲ್ ಕೇಬಲಿನಲ್ಲಿ ಹೋಗುವುದು ಬೆಳಕು. ಕಂಪ್ಯೂಟರಿನ ಅರ್ಥಿಂಗಿನಲ್ಲಿರುವ ವಿದ್ಯುತ್ ಗದ್ದಲ ಯುಎಸ್‌ಬಿ ತಂತಿ ಹಿಡಿದು ಆಂಪ್ಲಿಫೈಯರಿಗೆ ಬಂದಂತೆ ಇದರಲ್ಲಿ ಬರುವುದಕ್ಕೆ ದಾರಿಯೇ ಇಲ್ಲ. ಪೈ ಕೂಡ ನಿಶ್ಶಬ್ದವಾಗಿತ್ತು. 8,000 ಸಾರ್ಥಕ ಅಂದುಕೊಂಡು ಡೆಸ್ಕ್‌ಟಾಪಿನ ಹಿಂದೆ ಧೂಳು ಹೊಡೆಯುತ್ತಿದ್ದಾಗ ಒಂದು ಚೌಕದ ಮುಚ್ಚಳ ಕಂಡಿತು. ಆಪ್ಟಿಕಲ್ ಔಟ್! ಇಷ್ಟು ವರ್ಷ ಅಲ್ಲೇ ಇತ್ತು. 350 ರೂಪಾಯಿಯ ಕೇಬಲ್ ತಂದು ಸಿಕ್ಕಿಸಿದೆ. ಕಿರ್ ಕಿರ್ ಹೋಯಿತು. ಹೆಂಡತಿಗೆ ಇದನ್ನು ಒಂದು ವಾರ ಹೇಳಲಿಲ್ಲ.

ಸ್ಟ್ರೀಮರಿನಲ್ಲಿ ನನಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಕಂಪ್ಯೂಟರಿನ ಫೈಲುಗಳನ್ನು ಅದರ ಆ್ಯಪಿನಿಂದ ನುಡಿಸಿದಾಗ ಎರಡು ಟ್ರ್ಯಾಕುಗಳ ನಡುವೆ ಅರೆ ಸೆಕೆಂಡ್ ಬಿಡುವು ಬೀಳುತ್ತಿತ್ತು. ಬಿಡಿ ಹಾಡಿಗೆ ಪರವಾಗಿಲ್ಲ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಒಂದೇ ಉಸಿರಿನಲ್ಲಿ ನಿಧಾನದ ಲಯದಿಂದ ವೇಗಕ್ಕೆ ಏರುವಾಗ ಯಾರೋ ಬಾಯಿ ಮುಚ್ಚಿದಂತಾದರೆ ಹೇಗಿರುತ್ತದೆ? ಪೈಯಲ್ಲೂ ಫೂಬಾರಿನಲ್ಲೂ ಆ ರಗಳೆ ಇಲ್ಲ. ಆದರೆ ಪೈಗೆ ಸ್ವಲ್ಪ ತಲೆ ಕೊಡಬೇಕು. ದಿಢೀರ್ ಕರೆಂಟ್ ಹೋದರೆ ಎಸ್‌ಡಿ ಕಾರ್ಡ್ ಕೆಡುವ ಭಯವೂ ಇದೆ.

ಸ್ಟ್ರೀಮರಿಗೆ ಸಲ್ಲಬೇಕಾದ ಮಾತೂ ಒಂದಿದೆ. ಡೆಸ್ಕ್‌ಟಾಪಿನ ಫ್ಯಾನ್ ಗುಂಯ್‌ಗುಡುತ್ತದೆ, ಇದು ಸದ್ದೇ ಮಾಡುವುದಿಲ್ಲ. ರಾತ್ರಿ ಸಣ್ಣ ದನಿಯಲ್ಲಿ ಕೇಳುವಾಗ ಕೇಬಲ್, ಗಡಿಯಾರ ಎಲ್ಲಕ್ಕಿಂತ ಈ ವ್ಯತ್ಯಾಸವೇ ದೊಡ್ಡದು. ಬರೀ ಹಾಡಿಗಾಗಿ ಕಂಪ್ಯೂಟರ್ ಆನ್ ಮಾಡುವವರಾದರೆ ಸ್ಟ್ರೀಮರ್ ತಗೊಳ್ಳಿ. ನನ್ನ ಹಾಗೆ ದಿನವಿಡೀ ಅದರ ಮುಂದೆಯೇ ಕೂರುವವರು ಮೊದಲು ಡಬ್ಬದ ಹಿಂದೆ ಬಗ್ಗಿ ನೋಡಿ.

ಈಗ ಪೈ ಗೆಳೆಯನ ಮನೆಗೆ ವಾಪಸ್ ಹೋಗಿದೆ. ಸ್ಟ್ರೀಮರ್ ನಡುಮನೆಯಲ್ಲಿ ಹಳೆಯ ಸ್ಟೀರಿಯೋಗೆ ಸೇರಿಕೊಂಡಿದೆ. ಬೆಳಿಗ್ಗೆ ಕಾಫಿಗೆ ಹಾಲು ಕಾಯುವಷ್ಟರಲ್ಲಿ ಅಮ್ಮ ತನ್ನ ಫೋನಿನಿಂದಲೇ ದೇವರನಾಮ ಹಾಕಿಕೊಳ್ಳುತ್ತಾಳೆ. ಅರೆ ಸೆಕೆಂಡಿನ ಬಿಡುವಿನ ಬಗ್ಗೆ ಅವಳ ತಕರಾರೇನೂ ಇಲ್ಲ.