ದೋಣಿ ಕಟ್ಟುವವರೇ, ‘ಮರೈನ್’ ಮುದ್ರೆ ನಂಬಿ ಪ್ಲೈವುಡ್ ತರಬೇಡಿ, ಮೊದಲು ಕುದಿಸಿ ನೋಡಿ

ಮನೆಯಲ್ಲೇ ಮರದ ದೋಣಿ ಕಟ್ಟಬೇಕು ಅಂತಿರುವವರು, ಅದರಲ್ಲೂ ಒಳಗೆ ಮಲಗಲು ಪುಟ್ಟ ಕೋಣೆ ಇರುವ ದೋಣಿ ಕಟ್ಟಬೇಕು ಅಂತಿರುವವರು, ಮೊದಲ ಹಾಳೆಗೆ ಗರಗಸ ಇಡುವ ಮುಂಚೆ ಇದನ್ನು ಓದಿ. ನನ್ನ ಹದಿನಾಲ್ಕು ತಿಂಗಳ ಕೆಲಸ ಹಾಳಾಯಿತು, ಎರಡು ಲಕ್ಷಕ್ಕಿಂತ ಜಾಸ್ತಿ ದುಡ್ಡು ಹೋಯಿತು. ದುಡ್ಡಿನ ಮಾತು ಬಿಡಿ, ತಳದಿಂದ ನೀರು ಒಳಗೆ ಬಂದಾಗ ನನ್ನ ಮಗಳು ದೋಣಿಯಲ್ಲಿದ್ದಳು.

ನಾನು ಗದಗಿನ ಕಡೆಯವನು. ಕೆಲಸಕ್ಕೆ ಅಂತ ಗೋವಾದ ವಾಸ್ಕೋಗೆ ಬಂದು ಒಂಬತ್ತು ವರ್ಷ ಆಯಿತು. ಮನೆಯಿಂದ ಜುವಾರಿ ನದಿ ನಡೆದು ಹೋಗುವಷ್ಟು ಹತ್ತಿರ. ಹುಟ್ಟಿದ್ದು ಬಯಲುಸೀಮೆ, ಅಷ್ಟು ನೀರನ್ನು ದಿನಾ ನೋಡುತ್ತಾ ನೋಡುತ್ತಾ ಒಂದು ರಾತ್ರಿಯಾದರೂ ಹೆಂಡತಿ ಮಗಳ ಜೊತೆ ಅದರ ಮೇಲೆ ಮಲಗಬೇಕು, ಅದೂ ನಾನೇ ಕಟ್ಟಿದ ದೋಣಿಯಲ್ಲಿ ಅನ್ನೋ ಆಸೆ ಹತ್ತಿಬಿಟ್ಟಿತು. 18 ಅಡಿ ಉದ್ದ, ಚಪ್ಪಟೆ ತಳ, ಇಬ್ಬರು ಮಲಗುವಷ್ಟು ಕೋಣೆ. ಮಗಳು ಸಣ್ಣವಳು, ನಡುವೆ ಹಿಡಿಸುತ್ತಾಳೆ.

ಮನೆಯಲ್ಲಿ ಕಟ್ಟುವವರು ಹೆಚ್ಚಾಗಿ ಆರಿಸಿಕೊಳ್ಳುವುದು ಹೊಲಿದು ಅಂಟಿಸುವ ವಿಧಾನ. ಪ್ಲೈವುಡ್ ಹಾಳೆಗಳನ್ನು ನಕ್ಷೆಯ ಪ್ರಕಾರ ಕತ್ತರಿಸಿ, ಅಂಚುಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ತುಂಬಿ, ಮೇಲೆ ಫೈಬರ್‌ಗ್ಲಾಸ್ ಪಟ್ಟಿ ಹಚ್ಚುವುದು. ಸುಲಭವೇ. ಆದರೆ ಒಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಮೇಸ್ತ್ರಿಗಳು ಕಟ್ಟುವ ಹಲಗೆ ದೋಣಿಯಲ್ಲಿ ಒಂದು ಹಲಗೆ ಕೆಟ್ಟರೆ ಅದೊಂದನ್ನೇ ಕಿತ್ತು ಬೇರೆ ಹಾಕಬಹುದು. ಇಲ್ಲಿ ಹಾಗಲ್ಲ, ಪ್ಲೈವುಡ್ಡೇ ದೋಣಿಯ ಮೂಳೆ, ಅದೇ ಚರ್ಮ. ಅದು ಸರಿ ಇಲ್ಲ ಅಂದರೆ ನೀವು ಎಷ್ಟೇ ಚೆನ್ನಾಗಿ ಅಂಟಿಸಿದ್ದರೂ ಏನೂ ಉಳಿಯುವುದಿಲ್ಲ.

ನಾನು ಹಾಳೆ ತಂದದ್ದು ಪೇಟೆಯ ಒಂದು ಅಂಗಡಿಯಿಂದ. ಹೆಸರು ಬೇಡ. ಕೆಂಪು ಬಣ್ಣದ ಹಾಳೆ, ಮೇಲೆ ದಪ್ಪಕ್ಷರದಲ್ಲಿ ‘ಮರೈನ್’ ಅಂತ, ಅಂದರೆ ದೋಣಿಗೆ ಬರುವ, ನೀರಿಗೆ ತಾಳುವ ಪ್ಲೈವುಡ್ ಅಂತ, ಪಕ್ಕದಲ್ಲಿ ಅದರ ಮಾನದಂಡದ ಸಂಖ್ಯೆ ‘710’ ಅಂತ ಇತ್ತು. ಬೇರೆ ಕಡೆಗಿಂತ ಹಾಳೆಗೆ ಸುಮಾರು ಸಾವಿರ ರೂಪಾಯಿ ಕಡಿಮೆ. ಹದಿನಾರು ಹಾಳೆ ಒಟ್ಟಿಗೆ ತಂದೆ. ಬಿಲ್ಲಿನಲ್ಲಿ ಬರೆದಿದ್ದು ‘ಪ್ಲೈ 9 ಎಂಎಂ’, ‘ಪ್ಲೈ 12 ಎಂಎಂ’ ಅಷ್ಟೇ. ಆಗ ಅದರ ಕಡೆ ಗಮನ ಹೋಗಲಿಲ್ಲ.

ನವೆಂಬರಿನಲ್ಲಿ ಶುರು ಮಾಡಿದೆ, ಮೇ ಹೊತ್ತಿಗೆ ತಳ ಮತ್ತು ಪಕ್ಕಗಳು ಮುಗಿದಿದ್ದವು. ಆಮೇಲೆ ಮಳೆ. ಗೋವಾದ ಮಳೆ ಗೊತ್ತಲ್ವಾ, ಜೂನಿನಲ್ಲಿ ಹಿಡಿದರೆ ಬಟ್ಟೆ ಒಣಗುವುದೂ ಕಷ್ಟ. ದೋಣಿಗೆ ನೀಲಿ ತಾಡಪತ್ರಿ ಹೊದಿಸಿದ್ದೆ. ಅದು ನಡುವೆ ಜೋತುಬಿದ್ದು ಒಂದು ಮೂಲೆಯಿಂದ ಒಳಗೆ ನೀರು ತೊಟ್ಟಿಕ್ಕುತ್ತಿತ್ತು. ತಳದಲ್ಲಿ ಅಡ್ಡ ಪಟ್ಟಿಗಳಿದ್ದವು, ಅವುಗಳ ಬುಡದಲ್ಲಿ ನೀರು ಹರಿದು ಹೋಗಲು ಸಣ್ಣ ತೂತುಗಳನ್ನು ಬಿಡಬೇಕಿತ್ತು, ನಾನು ಬಿಟ್ಟಿರಲಿಲ್ಲ. ಹಾಗಾಗಿ ಮಳೆ ನೀರು ಪಟ್ಟಿಗಳ ನಡುವೆ ವಾರಗಟ್ಟಲೆ ನಿಂತಿತು. ಹೊರಗಡೆ ಫೈಬರ್‌ಗ್ಲಾಸ್ ಬಟ್ಟೆ ಹಚ್ಚಿದ್ದೆ, ಒಳಗಡೆ ಬರೀ ಬಣ್ಣ. ನೀರು ಒಳಗಿನಿಂದ ಸೇರಿತು, ಹೊರಗೆ ಹೋಗಲು ದಾರಿ ಇಲ್ಲ. ಈ ತಪ್ಪು ಪೂರ್ತಿ ನನ್ನದೇ. ಆದರೆ ಒಳ್ಳೆ ಹಾಳೆಯಾಗಿದ್ದರೆ ಒಂದು ಮಳೆಗಾಲಕ್ಕೇ ಹೀಗೆ ಆಗುತ್ತಿರಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ನೀರಿಗಿಳಿಸಿದೆವು. ಎಂಜಿನ್ ಇನ್ನೂ ಹಾಕಿರಲಿಲ್ಲ, ದಡದ ಹತ್ತಿರವೇ ಹುಟ್ಟು ಹಾಕಿಕೊಂಡು ಹೋಗುತ್ತಿದ್ದೆವು. ಲೈಫ್ ಜಾಕೆಟ್ ಇಲ್ಲದೆ ಹತ್ತುವುದೇ ಇಲ್ಲ ಅಂತ ಹೆಂಡತಿ ಹಟ ಹಿಡಿದಿದ್ದಳು, ಮೂವರೂ ಹಾಕಿಕೊಂಡಿದ್ದೆವು. ಅರ್ಧ ಗಂಟೆ ಆಗಿರಬೇಕು, ಕೋಣೆಯೊಳಗಿಂದ ಮಗಳು “ಅಪ್ಪಾ, ಕಾಲು ಒದ್ದೆ ಆಗ್ತಿದೆ” ಅಂದಳು. ನೆಲದ ಹಲಗೆ ಎತ್ತಿ ನೋಡಿದರೆ ತಳ ಮತ್ತು ಪಕ್ಕ ಸೇರುವ ಅಂಚಿನ ಹತ್ತಿರ ಪ್ಲೈವುಡ್ ಉಬ್ಬಿ ಬಾಯಿ ಬಿಟ್ಟಿತ್ತು. ಬೆರಳಿಟ್ಟು ಒತ್ತಿದೆ, ಬೆರಳು ಒಳಗೆ ಹೋಯಿತು. ಹೆಂಡತಿ ಊಟದ ಡಬ್ಬಿ ಖಾಲಿ ಮಾಡಿ ಅದರಲ್ಲೇ ನೀರು ಎತ್ತಿ ಎತ್ತಿ ಚೆಲ್ಲಿದಳು, ನಾನು ಹುಟ್ಟು ಹಾಕಿದೆ. ದಡ ಮುಟ್ಟುವಾಗ ಮಗಳ ಮೊಣಕಾಲಿನವರೆಗೆ ನೀರಿತ್ತು. ಆ ಹತ್ತು ನಿಮಿಷ ನನಗೆ ಈಗಲೂ ನಿದ್ದೆಯಲ್ಲಿ ಬರುತ್ತದೆ.

ಆಮೇಲೆ ಕಾರವಾರದ ಕಡೆಯ ಒಬ್ಬ ಹಿರಿಯ ಮೇಸ್ತ್ರಿಯನ್ನು ಕರೆಸಿದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುವಾಗ ದೋಣಿಗಳೆಲ್ಲ ದಡದಲ್ಲಿ, ಆಗ ಇವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಜನವರಿ ಆದ್ದರಿಂದ ಸಿಕ್ಕರು. ಅವರು ಏನೂ ಮಾತಾಡದೆ ಬೆರಳ ಗೆಣ್ಣಿನಿಂದ ತಳವನ್ನು ಕುಟ್ಟುತ್ತಾ ಹೋದರು. ಕೆಲವು ಕಡೆ ಟಣ್ ಅನ್ನುತ್ತಿತ್ತು, ಜಾಸ್ತಿ ಕಡೆ ಡಬ್ ಡಬ್. ಡಬ್ ಅಂದ ಕಡೆ ಸ್ಕ್ರೂಡ್ರೈವರ್ ಚುಚ್ಚಿದರು, ಬೇಯಿಸಿದ ಗೆಣಸಿಗೆ ಹೋದ ಹಾಗೆ ಹೋಯಿತು. ಒಂದು ತುಂಡು ಕಿತ್ತು ನನ್ನ ಕೈಗಿಟ್ಟರು. ಚಿರೋಟಿ ಪದರದಂತೆ ಬಿಡಿಸಿಕೊಂಡು ಬಂತು. “ಇದನ್ನ ಯಾರು ಕೊಟ್ರು ತಮ್ಮಾ ನಿಂಗೆ? ಇದು ಕಪಾಟು ಮಾಡೋ ಮಾಲು” ಅಂದರು. ಉಪ್ಪು ನೀರಿಗಿಂತ ಮಳೆ ನೀರೇ ಮರವನ್ನು ಬೇಗ ಕೊಳೆಸುತ್ತದೆ ಅನ್ನುವುದನ್ನೂ ಅವರೇ ಹೇಳಿದ್ದು.

ಉಳಿದಿದ್ದ ಹಾಳೆಯಿಂದ ಅಂಗೈಯಷ್ಟು ತುಂಡು ಕತ್ತರಿಸಿ ಹಳೆ ಬೋಗುಣಿಯಲ್ಲಿ ಕುದಿಸಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಮರೈನ್ ಪ್ಲೈವುಡ್ಡಿಗೆ ನಮ್ಮ ದೇಶದ ಮಾನದಂಡ ಐಎಸ್ 710. ಅದರ ಪ್ರಕಾರ ತುಂಡು 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಪದರ ಬಿಡಬಾರದು. ಮನೆಯ ಮರಗೆಲಸಕ್ಕೆ ಬರುವ ಪ್ಲೈವುಡ್ಡಿಗೆ ಬೇರೆ ಮಾನದಂಡ, ಐಎಸ್ 303, ಅದರ ಪರೀಕ್ಷೆ ಇಷ್ಟು ಕಠಿಣ ಅಲ್ಲ. ನನ್ನ ತುಂಡು ನಾಲ್ಕನೇ ಗಂಟೆಗೆ ಮೂಲೆಯಲ್ಲಿ ಬಾಯಿ ಬಿಟ್ಟಿತು, ಸಂಜೆ ಹೊತ್ತಿಗೆ ಪದರಗಳು ನೀರಲ್ಲಿ ತೇಲುತ್ತಿದ್ದವು. ಆಮೇಲೆ ಬೇರೆ ಕಡೆಯಿಂದ ಸರಿಯಾದ ಹಾಳೆಯ ತುಂಡು ತಂದು ಮೂರು ದಿನ, ದಿನಕ್ಕೆ ಹನ್ನೆರಡು ಗಂಟೆ ಕುದಿಸಿದೆ. ಬಣ್ಣ ಕಪ್ಪಾಯಿತು ಅಷ್ಟೇ, ಉಗುರು ಹಾಕಿ ಎಳೆದರೂ ಬಿಡಲಿಲ್ಲ.

ಅಂಗಡಿಗೆ ಹೋಗಿ ತುಂಡು ತೋರಿಸಿದೆ. ಬಿಲ್ಲಿನಲ್ಲಿ ಮರೈನ್ ಅಂತ ಎಲ್ಲಿದೆ ಅಂತ ಕೇಳಿದರು. ಇರಲಿಲ್ಲ. ಅಲ್ಲಿಗೆ ಮುಗಿಯಿತು.

ಅದಕ್ಕೇ ಹೇಳುತ್ತಿದ್ದೇನೆ, ಹಾಳೆಯ ಕೆಂಪು ಬಣ್ಣಕ್ಕೂ ದಪ್ಪಕ್ಷರಕ್ಕೂ ಬೆಲೆ ಕೊಡಬೇಡಿ. ಐಎಸ್‌ಐ ಗುರುತು, ಅದರ ಮೇಲೆ ಐಎಸ್ 710, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಅಂಗಡಿಯಲ್ಲೇ ನಿಂತು ಆ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಿ, ಕಂಪನಿ ಹೆಸರು ತಾಳೆಯಾಗಬೇಕು. ಬಿಲ್ಲಿನಲ್ಲಿ ‘ಐಎಸ್ 710’ ಅಂತ ಬರೆಸಿಕೊಳ್ಳಿ, ಬರೆಯುವುದಿಲ್ಲ ಅಂದರೆ ಸುಮ್ನೆ ಎದ್ದು ಬನ್ನಿ. ಮೊದಲು ಒಂದೇ ಹಾಳೆ ತನ್ನಿ, ಕುದಿಸಿ, ಆಮೇಲೆ ಉಳಿದದ್ದು.

ಇನ್ನೊಂದು. ಗೋವಾದಲ್ಲಿ ಫೈಬರ್ ದೋಣಿ ಮಾಡುವವರು ಜಾಸ್ತಿ, ಹಾಗಾಗಿ ಅವರು ಬಳಸುವ ಅಂಟು ದ್ರವ, ಪಾಲಿಯೆಸ್ಟರ್ ರೆಸಿನ್, ಸುಲಭವಾಗಿ, ಅಗ್ಗಕ್ಕೆ ಸಿಗುತ್ತದೆ. ಅದೂ ಎಪಾಕ್ಸಿಯೂ ಒಂದೇ ಅಂತ ಯಾರೋ ಹೇಳಿದ್ದು ಕೇಳಿ ಕೋಣೆಯ ಮಾಡಿಗೆ ಅದನ್ನೇ ಹಚ್ಚಿದ್ದೆ. ಅದು ಮರವನ್ನು ಎಪಾಕ್ಸಿಯಂತೆ ಹಿಡಿಯುವುದಿಲ್ಲ, ಹಚ್ಚಿದ್ದ ಪದರ ಪೂರ್ತಿ ಹಪ್ಪಳದಂತೆ ಎದ್ದು ಬಂತು.

ಕುದಿಸಿದ ಎರಡೂ ತುಂಡುಗಳನ್ನು ಎತ್ತಿಟ್ಟಿದ್ದೇನೆ. ವಾಸ್ಕೋ ಕಡೆ ಯಾರಾದರೂ ದೋಣಿ ಶುರು ಮಾಡುತ್ತಿದ್ದರೆ ಹೇಳಿ, ಭಾನುವಾರ ಮನೆಯಲ್ಲೇ ಇರುತ್ತೇನೆ, ಬಂದು ಕೈಯಲ್ಲಿ ಹಿಡಿದು ನೋಡಿಕೊಂಡು ಹೋಗಿ.