‘ಯಾವ ಪುಟ?’ ಅಂತ ಕೇಳೋ ಪುಸ್ತಕದಂಗಡಿ, ಹಾಸನ

ಐದಕ್ಕೆ ಐದು ಸ್ಟಾರ್. ಬೋರ್ಡಿನಲ್ಲಿ ‘ಪುಸ್ತಕ, ಜೆರಾಕ್ಸ್, ಬೈಂಡಿಂಗ್’ ಅಂತ ಬಿಟ್ಟರೆ ಬೇರೆ ಹೆಸರಿಲ್ಲ. ಸಾಲಗಾಮೆ ರಸ್ತೆಯಿಂದ ಒಳಕ್ಕೆ ತಿರುಗಿ ಮೇಷ್ಟ್ರ ಅಂಗಡಿ ಎಲ್ಲಿ ಅಂದರೆ ಯಾರಾದರೂ ತೋರಿಸ್ತಾರೆ. ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು ನಡೆಸ್ತಿರೋದು. ಹೊಸ ಪುಸ್ತಕಕ್ಕೆ ಶೇ 10 ರಿಯಾಯಿತಿ, ಹಳೇದಕ್ಕೆ ಅರ್ಧ ಬೆಲೆ, ಇಲ್ಲದ್ದನ್ನು ಬೆಂಗಳೂರಿಂದ ತರಿಸಿಕೊಡ್ತಾರೆ. ಇಷ್ಟೇ ಆಗಿದ್ರೆ ನಾನು ರಿವ್ಯೂ ಬರೀತಿರಲಿಲ್ಲ.

ಈ ವರ್ಷ ಮಗಳ ಶಾಲೆಯಲ್ಲಿ ಎಂಟನೇ ಕ್ಲಾಸಿನ ಹೆಚ್ಚುವರಿ ಓದಿನ ಪಟ್ಟಿಯಿಂದ ಒಂದು ಕಥಾಸಂಕಲನವನ್ನು ರಾತ್ರೋರಾತ್ರಿ ತೆಗೆದುಹಾಕಿದ್ರು. ಕಾರಣ, ಪೋಷಕರ ವಾಟ್ಸಾಪ್ ಗ್ರೂಪಿಗೆ ಬಂದ ಒಂದು ಫೋಟೊ. ಒಂದೇ ಪುಟ, ಅದರಲ್ಲೂ ಕೆಳಗಿನ ಎರಡು ಸಾಲಿನ ಮೇಲೆ ಫೋಟೊ ತೆಗೆದವರ ಹೆಬ್ಬೆರಳು. ತೋಟದ ಕೆಲಸಕ್ಕೆ ಬಂದ ಹುಡುಗನನ್ನು ಯಜಮಾನ ಜಾತಿ ಹಿಡಿದು ಬೈಯೋ ಮಾತು ಅಲ್ಲಿತ್ತು. ‘ಮಕ್ಕಳಿಗೆ ಇಂಥ ಭಾಷೆ ಕಲಿಸ್ತಾರಾ?’ ಅಂತ ಒಬ್ಬರು ಹಾಕಿದ್ರು, ಮಿಕ್ಕವರು ಹೌದು ಹೌದು ಅಂದ್ರು. ಬೆಳಿಗ್ಗೆ ಶಾಲೆಯಿಂದ ಸುತ್ತೋಲೆ ಬಂತು. ಪುಸ್ತಕ ಪೂರ್ತಿ ಓದಿದವರು ಯಾರು ಅಂತ ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ.

ಮೇಷ್ಟ್ರ ಹತ್ತಿರ ಹೋದೆ. ಪುಸ್ತಕ ಕೈಗಿಟ್ಟು, ‘ಕೂತ್ಕಳಿ ಮೇಡಂ, ಓದಿ. ಆಮೇಲೆ ಮಾತಾಡಣ’ ಅಂದ್ರು. ಜೆರಾಕ್ಸ್ ಮಿಷನ್ ಪಕ್ಕದ ಬೆಂಚು, ಸ್ವಲ್ಪ ಸೆಕೆ, ಬೆಳಕೂ ಕಮ್ಮಿ. ಅಲ್ಲೊಂದು ಟ್ಯೂಬ್‌ಲೈಟ್ ಹಾಕಿಸಿದ್ರೆ ಚೆನ್ನಾಗಿರುತ್ತೆ. ಹೆಬ್ಬೆರಳಿನಡಿ ಮುಚ್ಚಿಹೋಗಿದ್ದ ಸಾಲಿನಲ್ಲಿ ಯಜಮಾನನ ತಾಯಿ ಹಿತ್ತಲಿಂದ ಬರ್ತಾಳೆ. ಪುಟ ತಿರುಗಿಸಿದ್ರೆ ಮುದುಕಿ ಮಗನಿಗೆ ಛೀಮಾರಿ ಹಾಕಿ, ಹುಡುಗನನ್ನು ಒಳಗೆ ಕರೆದು, ತನ್ನ ಪಕ್ಕದಲ್ಲೇ ಎಲೆ ಹಾಕಿಸ್ತಾಳೆ. ಹುಡುಗ ಎಲೆ ಮುಂದೆ ಕೂತು, ‘ನಂಗೆ ಹಸಿವಿಲ್ಲ ಅಜ್ಜಿ’ ಅಂತಾನೆ. ನನಗೆ ಮುಂದಕ್ಕೆ ಓದೋಕಾಗಲಿಲ್ಲ, ಕಣ್ಣು ತುಂಬಿಬಂತು. ಹಿಂದಿನ ಪುಟದ ಆ ಬೈಗುಳ ಇಲ್ಲದಿದ್ರೆ ಅವನು ಯಾಕೆ ಉಣ್ಣಲಿಲ್ಲ ಅನ್ನೋದು ಮಕ್ಕಳಿಗೆ ಹೇಗೆ ಗೊತ್ತಾಗಬೇಕು?

ಅಂಗಡಿಯಲ್ಲಿ ನಮ್ಮ ಜಿಲ್ಲೆಯವರಿಗೇ ಅಂತ ಒಂದು ಹಲಗೆ ಇದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು, ಸಂತೇಶಿವರದ ಭೈರಪ್ಪನವರು, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದ ನಮ್ಮೂರಿನ ಬಾನು ಮುಷ್ತಾಕ್, ಎಲ್ಲರೂ ಒಟ್ಟಿಗೇ. ಭೈರಪ್ಪನವರನ್ನು ಯಾಕೆ ಇಟ್ಟಿದ್ದೀರಿ ಅಂತ ಒಬ್ಬರು, ಬಾನು ಅವರನ್ನು ಯಾಕೆ ಇಟ್ಟಿದ್ದೀರಿ ಅಂತ ಇನ್ನೊಬ್ಬರು ಜಗಳಕ್ಕೆ ಬಂದದ್ದನ್ನು ನೋಡಿದ್ದೀನಿ. ಇಬ್ಬರಿಗೂ ಮೇಷ್ಟ್ರು ಕೇಳೋದು ಒಂದೇ: ‘ಯಾವ ಪುಟ?’ ಪುಟ ಹೇಳಿದವರ ಜೊತೆ ಗಂಟೆಗಟ್ಟಲೆ ವಾದ ಮಾಡ್ತಾರೆ, ಎಷ್ಟೋ ಸಲ ಒಪ್ಪಿಕೊಳ್ಳೋದೂ ಉಂಟು.

2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯ ಗಲಾಟೆ ಎದ್ದು ದೇವನೂರ ಮಹಾದೇವ ಅವರು ತಮ್ಮ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆ ವಾಪಸ್ ಪಡೆದಾಗಲೂ, 2023ರಲ್ಲಿ ಸರ್ಕಾರ ಬದಲಾಗಿ ಮತ್ತೆ ಪಾಠ ತೆಗೆದು ಸೇರಿಸಿದಾಗಲೂ ಮೇಷ್ಟ್ರು ಮಾಡಿದ್ದು ಇದನ್ನೇ. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಿಂದ ಪಿಡಿಎಫ್ ಇಳಿಸಿ, ಜಗಳದಲ್ಲಿದ್ದ ಪಾಠಗಳನ್ನು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟಿದ್ದರು. ಯಾರು ಬೇಕಾದ್ರೂ ಓದಬಹುದಿತ್ತು, ದುಡ್ಡಿಲ್ಲ.

ನಾನು ಸರ್ಕಾರಿ ಕಚೇರಿಯಲ್ಲಿ ಕಡತ ನೋಡೋಳು. ಓದದೆ ಟಿಪ್ಪಣಿ ಹಾಕಿದ್ರೆ ಕಾರಣ ಕೇಳಿ ನೋಟಿಸ್ ಬರುತ್ತೆ. ಸರ್ಕಾರವೇ ಒಂದು ಪುಸ್ತಕ ಮುಟ್ಟುಗೋಲು ಹಾಕಿಕೊಳ್ಳಬೇಕಾದ್ರೂ ಅದಕ್ಕೆ ಆಧಾರ ಏನು ಅಂತ ಅಧಿಸೂಚನೆಯಲ್ಲಿ ಬರೀಬೇಕು. ಹಳೇ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಂನಲ್ಲೂ ಇತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 98ರಲ್ಲೂ ಇದೆ. ಶಾಲೆಯ ಸುತ್ತೋಲೆಯಲ್ಲಿ ಇದ್ದದ್ದು ‘ಪೋಷಕರ ಕೋರಿಕೆ ಮೇರೆಗೆ’ ಅಂತ ಅಷ್ಟೇ. ಎಲ್ಲ ಪುಸ್ತಕ ಎಲ್ಲ ವಯಸ್ಸಿಗೂ ಅಲ್ಲ, ಒಪ್ತೀನಿ. ಎಂಟನೇ ಕ್ಲಾಸಿಗೆ ಬೇಡ, ಹತ್ತಕ್ಕಿರಲಿ ಅನ್ನಿ, ಆದರೆ ಓದಿ ಅನ್ನಿ.

ಅವತ್ತೇ ನಾಲ್ಕು ಪ್ರತಿ ತಗೊಂಡು ಗ್ರೂಪಿನ ಮೂವರು ತಾಯಂದಿರಿಗೂ ಹೆಡ್‌ಮಿಸ್ಸಿಗೂ ಕೊಟ್ಟೆ. ಇಬ್ಬರು ಓದಿ ಫೋನ್ ಮಾಡಿದ್ರು. ಒಬ್ಬರಿಗೆ ಕಥೆ ಇಷ್ಟವಾಗಿಲ್ಲ, ಆ ಕಾಲದ ಮುದುಕಿ ಹಾಗೆ ಮಾಡ್ತಿದ್ಲು ಅಂದ್ರೆ ನಂಬೋಕಾಗಲ್ಲ ಅಂದ್ರು. ಅದು ಓದಿದವರ ಆಕ್ಷೇಪ, ನಾವಿಬ್ಬರೂ ತುಂಬ ಹೊತ್ತು ಮಾತಾಡಿದ್ವಿ. ಹೆಡ್‌ಮಿಸ್ಸಿಂದ ಉತ್ತರ ಬಂದಿಲ್ಲ, ಪುಸ್ತಕ ಪಟ್ಟಿಗೂ ಸೇರಿಲ್ಲ. ಮೇಷ್ಟ್ರ ಹತ್ತಿರ ಇನ್ನೂ ಪ್ರತಿಗಳಿವೆ. ಜೂನ್‌ನಲ್ಲಿ ನೋಟ್‌ಬುಕ್ಕಿನ ರಶ್, ಬೆಂಚು ಸಿಗಲ್ಲ. ಮಿಕ್ಕ ತಿಂಗಳು ಸಂಜೆ ಐದರ ಮೇಲೆ ಹೋಗಿ. ಕಾರು ಮಾತ್ರ ಮೇನ್‌ರೋಡಲ್ಲೇ ನಿಲ್ಲಿಸಿ.