ಗುಳಿಗೆ ನಿಲ್ಲಿಸಿದ ಮೇಲೆ: ಆ್ಯಪ್, ಸ್ಟ್ರಿಪ್, ಥರ್ಮಾಮೀಟರ್, ಬಿಳಿ ಸೆರಗು

ನಾಲ್ಕು ವರ್ಷ ತಪ್ಪದೆ ನುಂಗಿದ ಗರ್ಭನಿರೋಧಕ ಗುಳಿಗೆಯನ್ನು ದೀಪಾವಳಿ ಮುಗಿದ ವಾರ ಬಿಟ್ಟೆ. ನನಗೀಗ 31, ಮಗು ಬೇಕು. ಅಂಡ ಬಿಡುಗಡೆಯಾಗುವ ದಿನ ತಿಳಿಯಲು ಆರು ತಿಂಗಳು ನಾಲ್ಕು ದಾರಿ ಹಿಡಿದು ನೋಡಿದೆ. ಆಲ್ದೂರಿನ ನಮ್ಮ ತೋಟದ ಮನೆಯಲ್ಲಿ ಯಾವುದು ಒಗ್ಗಿತು, ಯಾವುದು ಒಗ್ಗಲಿಲ್ಲ ಅಂತ ಬರೀತಿದ್ದೇನೆ.

ಮೊಬೈಲ್ ಆ್ಯಪ್ಪನ್ನು ಮೊದಲೇ ಪಕ್ಕಕ್ಕಿಡ್ತೇನೆ. ಅದು ಹಿಂದಿನ ತಿಂಗಳುಗಳ ಲೆಕ್ಕದ ಮೇಲೆ ಮುಂದಿನ ದಿನ ಹೇಳುತ್ತೆ. ಗುಳಿಗೆ ತಗೊಳ್ಳುವಾಗ 28 ದಿನಕ್ಕೊಮ್ಮೆ ಬರುತ್ತಿದ್ದದ್ದು ನಿಜವಾದ ಮುಟ್ಟಲ್ಲ, ಪ್ಯಾಕಿನ ಕೊನೆಯ ಏಳು ದಿನ ಹಾರ್ಮೋನ್ ಇಲ್ಲದ್ದರಿಂದ ಆಗುವ ರಕ್ತಸ್ರಾವ. ಆ ಲೆಕ್ಕ ನಂಬಿ ಆ್ಯಪ್ 14ನೇ ದಿನಕ್ಕೆ ಗುರುತು ಹಾಕಿತು. ಗುಳಿಗೆ ಬಿಟ್ಟ ಮೇಲಿನ ನನ್ನ ಮೊದಲ ಮುಟ್ಟಿನ ಸುತ್ತು 43 ದಿನ ಎಳೆಯಿತು.

ಸ್ಟ್ರಿಪ್ ತರಲು ಚಿಕ್ಕಮಗಳೂರಿಗೇ ಹೋದೆ. ಮೆಡಿಕಲ್ ಶಾಪಿನಲ್ಲಿ ಓವ್ಯುಲೇಶನ್ ಕಿಟ್ ಅಂತ ಬಿಡಿಸಿ ಹೇಳಿ, ಇಲ್ಲದಿದ್ದರೆ ಪ್ರೆಗ್ನೆನ್ಸಿ ಕಿಟ್ ಕೈಗೆ ಬರುತ್ತೆ. ಅಂಡ ಹೊರಬರುವ 24ರಿಂದ 36 ಗಂಟೆ ಮೊದಲು ಎಲ್‌ಎಚ್ ಹಾರ್ಮೋನ್ ಏರುವುದನ್ನು ಇದು ಮೂತ್ರದಲ್ಲಿ ಹಿಡಿಯುತ್ತೆ. ಪ್ರೆಗ್ನೆನ್ಸಿ ಕಿಟ್‌ನಲ್ಲಿ ಮಸುಕು ಗೆರೆಗೂ ಅರ್ಥವಿದೆ, ಇದರಲ್ಲಿ ಇಲ್ಲ. ಎರಡನೇ ಗೆರೆ ಮೊದಲನೆಯದರಷ್ಟೇ ಗಾಢವಾಗಬೇಕು. ನಾನು ಮೊದಲ ವಾರವಿಡೀ ಮಸುಕು ಗೆರೆ ನೋಡಿ ಹಿಗ್ಗಿದ್ದೆ. ಬೆಳಗಿನ ಮೊದಲ ಮೂತ್ರಕ್ಕಿಂತ ಮಧ್ಯಾಹ್ನದ ಮೇಲಿನದು ಒಳ್ಳೆಯದು. ಅದಕ್ಕೂ ಮುಂಚೆ ಎರಡು ಗಂಟೆ ನೀರು ಕಡಿಮೆ ಕುಡೀಬೇಕು.

ಎರಡನೇ ಸುತ್ತಿನಲ್ಲಿ 19ನೇ ದಿನ ಗೆರೆ ಗಾಢವಾಯಿತು. ಸರಿ, ಆಯ್ತು ಅಂದುಕೊಂಡೆ. ಆದರೆ ಅಂಡ ಬಂದ ಮೇಲೆ ಏರಬೇಕಾದ ಮೈಬಿಸಿ ಏರಲೇ ಇಲ್ಲ. 31ನೇ ದಿನ ಮತ್ತೆ ಗಾಢ ಗೆರೆ ಬಂತು, 33ರಿಂದ ಬಿಸಿ ಏರಿತು. ಗುಳಿಗೆ ಬಿಟ್ಟ ಹೊಸತರಲ್ಲಿ ಮೈ ಅಂಡ ಬಿಡಲು ಹೊರಟು, ಆಗದೆ, ಮತ್ತೆ ಪ್ರಯತ್ನಿಸುವುದುಂಟು. ಸ್ಟ್ರಿಪ್ ಆ ಪ್ರಯತ್ನವನ್ನು ಮಾತ್ರ ತೋರಿಸುತ್ತೆ, ಅಂಡ ಬಂತೋ ಇಲ್ಲವೋ ಹೇಳಲ್ಲ. ಪಿಸಿಒಎಸ್ (ಹಾರ್ಮೋನ್ ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇದ್ದವರಿಗಂತೂ ಎಲ್‌ಎಚ್ ಸದಾ ಹೆಚ್ಚಿರಬಹುದು, ಗೆರೆ ದಾರಿ ತಪ್ಪಿಸುತ್ತೆ.

ಅದನ್ನು ಹೇಳಿದ್ದು ಥರ್ಮಾಮೀಟರ್. ಕಣ್ಣು ಬಿಟ್ಟ ಕೂಡಲೇ, ಏಳುವ ಮುಂಚೆ, ಮಾತಾಡುವ ಮುಂಚೆ ನಾಲಿಗೆಯಡಿ ಇಡಬೇಕು. ಕನಿಷ್ಠ ಮೂರು ಗಂಟೆ ಎಡೆಬಿಡದೆ ನಿದ್ದೆಯಾಗಿರಬೇಕು. ದಶಮಾಂಶದ ನಂತರ ಎರಡು ಅಂಕಿ ತೋರಿಸುವುದೇ ಬೇಕು, ಏಕೆಂದರೆ ನೋಡುವುದು 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿಕೆಯನ್ನು. ಹಿಂದಿನ ಆರು ದಿನಗಳಿಗಿಂತ ಮೂರು ದಿನ ಸತತ ಮೇಲಿದ್ದರೆ ಅಂಡ ಬಿಡುಗಡೆಯಾಗಿದೆ ಅಂತ. ಅಷ್ಟರಲ್ಲಿ 12ರಿಂದ 24 ಗಂಟೆ ಮಾತ್ರ ಬದುಕುವ ಅಂಡ ಹೋಗಿಯಾಗಿರುತ್ತೆ! ಮಗು ಬೇಕೆನ್ನುವವರಿಗೆ ಆ ತಿಂಗಳು ಉಪಯೋಗವಿಲ್ಲ. ಜನವರಿಯಲ್ಲಿ ಅಕಾಲದ ಮಳೆ ಬಂದು ರಾತ್ರಿ ಎರಡಕ್ಕೆ ಎದ್ದು ಕಣದ ಕಾಫಿಗೆ ಟಾರ್ಪಾಲು ಹೊದಿಸಿದ ದಿನಗಳ ಅಂಕಿ ಎಲ್ಲ ಹೊಡೆದುಹಾಕಬೇಕಾಯಿತು.

ನನಗೆ ಹೆಚ್ಚು ಕೈಹಿಡಿದದ್ದು ಕಾಸಿಲ್ಲದ ದಾರಿ, ಬಿಳಿ ಸೆರಗನ್ನು ಗಮನಿಸುವುದು. ನಮ್ಮಮ್ಮನಿಗೆ ಆ ಮಾತೆಂದರೆ ಕಾಯಿಲೆ. ಎಷ್ಟೋ ಹೆಂಗಸರು ಮುಚ್ಚಿಟ್ಟು ಹೆದರುವುದನ್ನು ನೋಡಿ ನನಗೆ ಸಂಕಟವಾಗುತ್ತೆ. ಕೆಟ್ಟ ವಾಸನೆ, ತುರಿಕೆ, ಒಡೆದ ಮೊಸರಿನಂಥದ್ದು ಇದ್ದರೆ ಡಾಕ್ಟರ್ ಬಳಿ ಹೋಗಲೇಬೇಕು. ಉಳಿದಂತೆ ಅದು ಸಾಮಾನ್ಯವಾಗಿ ಸಹಜ. ಮುಟ್ಟಿನ ನಂತರ ಒಣ, ಆಮೇಲೆ ಅಂಟು, ಕೊನೆಗೆ, ಅಂಡ ಬರುವ ಮುಂಚಿನ ದಿನಗಳಲ್ಲಿ, ಹಸಿ ಮೊಟ್ಟೆಯ ಬಿಳಿಯಂತೆ ಎರಡು ಬೆರಳ ನಡುವೆ ಎಳೆಯಾಗಿ ನಿಲ್ಲುತ್ತೆ. ಅಂಥ ದ್ರವದಲ್ಲಿ ವೀರ್ಯಾಣು ಐದು ದಿನದವರೆಗೆ ಬದುಕಬಲ್ಲದು, ಹಾಗಾಗಿ ಮುನ್ಸೂಚನೆ ಸಿಗುತ್ತೆ. ಮೊದಲ ಸುತ್ತಿನಲ್ಲಿ ಮೂರು ಸಲ ಬಂದು ನಿಂತು ಗೊಂದಲ ಮಾಡಿತ್ತು, ನಾಲ್ಕನೆಯದರಲ್ಲಿ ಒಂದೇ ಸಲ ಬಂತು.

ಈಗ ಸೆರಗು ಜಾರುವಂತಾದ ದಿನದಿಂದಷ್ಟೇ ಸ್ಟ್ರಿಪ್ ಬಳಸ್ತೇನೆ. 20ರ ಜಾಗದಲ್ಲಿ ಐದಾರು ಸಾಕು. ಬೆಳಿಗ್ಗೆ ಥರ್ಮಾಮೀಟರ್ ಅಂಕಿ ಬರೆಯುವವರು ನಮ್ಮನೆಯವರು. ಮಗು ಬೇಡ ಅನ್ನುವವರು ಮಾತ್ರ, ಸುತ್ತು ಹದಕ್ಕೆ ಬರುವ ಮುಂಚೆ ಇವನ್ನಷ್ಟೇ ನಂಬಿ ಕೂರಬೇಡಿ, ಕಾಂಡೋಮ್ ಇರಲಿ.

ಸಕಲೇಶಪುರದ ನಾದಿನಿ ಮೂರು ತಿಂಗಳಿಗೊಮ್ಮೆ ಅಂತರಾ ಅನ್ನುವ ಗರ್ಭನಿರೋಧಕ ಇಂಜೆಕ್ಷನ್ ತಗೊಳ್ತಿದ್ದಳು, ಮೊನ್ನೆ ನಿಲ್ಲಿಸಿದ್ದಾಳೆ. ‘ಅತ್ತಿಗೆ, ನಾನೂ ಥರ್ಮಾಮೀಟರ್ ತರಿಸ್ಲಾ?’ ಅಂದಳು. ಇಂಜೆಕ್ಷನ್ ಬಿಟ್ಟವರಿಗೆ ಅಂಡ ಮತ್ತೆ ಬರಲು ಗುಳಿಗೆಗಿಂತ ಎಷ್ಟೋ ತಿಂಗಳು ಹೆಚ್ಚು ಹಿಡಿಯುತ್ತೆ. ‘ಈಗಲೇ ಬೇಡ ಕಣೆ, ಸೆರಗು ಹೇಗಿದೆ ಅಂತ ದಿನಾ ಬರೆದಿಡು’ ಅಂದಿದ್ದೇನೆ.